ಗಡಹಿಂಗ್ಲಜದ ಮೂಲ ಟೇಪು

ಕಾಪಿ ಕ್ಯಾಸೆಟ್ಟು ಅಂದರೆ ನನಗೆ ಹೇಸಿಗೆ. ಎಂಬತ್ತರ ದಶಕದಲ್ಲಿ ಕೊಲ್ಹಾಪುರದ ಬಸ್ ಸ್ಟ್ಯಾಂಡಿನ ಎದುರು ಕ್ಯಾಸೆಟ್ಟಿನ ಗಾಡಿಗಳು ಸಾಲಾಗಿ ನಿಲ್ಲುತ್ತಿದ್ದವು. ಒಂದರಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಇಳಿಸಿ ಇಳಿಸಿ, ಏಳೆಂಟು ಕೈ ದಾಟಿದ ಹಾಡು ನಮ್ಮ ಇಚಲಕರಂಜಿ ಮುಟ್ಟುವ ಹೊತ್ತಿಗೆ, ಹಾಡಿದವನು ಕೊಡದೊಳಗೆ ತಲೆ ತೂರಿಸಿ ಹಾಡಿದಂತೆ ಕೇಳುತ್ತಿತ್ತು. ಜನ ಅದಕ್ಕೇ ತಲೆದೂಗುತ್ತಿದ್ದರು. ಗಣಪತಿ ಹಬ್ಬಕ್ಕೆ ಬರುವ ಆರ್ಕೆಸ್ಟ್ರಾದವರಂತೂ ಇನ್ನೂ ಕಡೆ. ಸಿನಿಮಾ ಗಾಯಕರು ಉಸಿರೆಳೆದ ಕಡೆಯೇ ಉಸಿರೆಳೆದು, ಅವರು ನಕ್ಕ ಕಡೆಯೇ ನಕ್ಕು, ಹೊಳೆಯುವ ಅಂಗಿಯ ತೋಳು ಮಡಚಿಕೊಂಡು ಚಪ್ಪಾಳೆ ಗಿಟ್ಟಿಸುತ್ತಿದ್ದರು. ಮಂಟಪದ ಮುಂದೆ ನಿಂತು ನಾನು ಅವರನ್ನು ಗಟ್ಟಿಯಾಗಿಯೇ ಬೈಯುತ್ತಿದ್ದೆ. ಮೂಲದಲ್ಲಿ ಇದ್ದದ್ದು ಕೂದಲೆಳೆಯಷ್ಟೂ ಕಳೆಯದೆ ಕಿವಿಗೆ ಬರಬೇಕು, ಬಾರದಿದ್ದರೆ ಕೇಳಲೇಬಾರದು ಎಂಬುದು ಆಗಿನ ನನ್ನ ಹಟ. ಯಾರಾದರೂ ಎದುರು ಮಾತಾಡಿದರೆ ಜಗಳಕ್ಕೇ ನಿಲ್ಲುತ್ತಿದ್ದೆ.

ಹೀಗೆ ಮೆರೆಯಲು ನನಗೊಂದು ಆಧಾರವಿತ್ತು. ನಮ್ಮದು ನೇಕಾರರ ಮನೆ. ಅಜ್ಜನ ಕಾಲಕ್ಕೆ ರಬಕವಿ ಕಡೆಯಿಂದ ಬಂದವರು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ. ಅಪ್ಪನ ಶೆಡ್ಡಿನಲ್ಲಿ ಎಂಟು ಪವರ್‌ಲೂಮು ಹಗಲೂ ರಾತ್ರಿ ಓಡುತ್ತಿದ್ದವು. ಅಲ್ಲಿ ಕೂಗಿದರೂ ಕೇಳಿಸುವುದಿಲ್ಲ. ಭುಜ ತಟ್ಟಿ ಕರೆಯಬೇಕು, ತುಟಿ ನೋಡಿ ತಿಳಿದುಕೊಳ್ಳಬೇಕು. ಗಂಜಿಯ ಹುಳಿ ವಾಸನೆ, ಎಣ್ಣೆ, ಹಾರಾಡುವ ಹತ್ತಿ, ಬೆವರು, ಮೂಲೆಯಲ್ಲಿ ಯಾರೋ ಉಗುಳಿದ ತಂಬಾಕು, ಇದರ ನಡುವೆ ನಾನು ಹನ್ನೊಂದನೇ ವಯಸ್ಸಿನಿಂದ ಬೆಳೆದೆ. ದೊಡ್ಡವನಾದ ಮೇಲೆ ಜಾಬರ್ ಆದೆ. ಜಾಬರ್ ಅಂದರೆ ಮಗ್ಗದ ರಿಪೇರಿಯವನು. ಯಾವ ಶೆಡ್ಡಿನಲ್ಲಿ ಮಗ್ಗ ಕೆಟ್ಟರೂ ನನಗೆ ಕರೆ ಬರುತ್ತಿತ್ತು. ಹೋಗಿ, ಚಪ್ಪಲಿ ಬಿಟ್ಟು, ಚೌಕಟ್ಟಿನ ಮೇಲೊಂದು ಕೈ ಇಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ಸ್ವಲ್ಪ ಹೊತ್ತಿಗೆ, "ಐದನೇದರದ ಲಾಳಿ ಹೊಡಿಯೂ ಕೋಲ ಸಡ್ಲಾಗೇತಿ" ಎನ್ನುತ್ತಿದ್ದೆ. ಬಿಚ್ಚಿ ನೋಡಿದರೆ ಸಡಿಲವಾಗಿರುತ್ತಿತ್ತು. ಇಷ್ಟು ಗದ್ದಲದಲ್ಲಿ ಇವನಿಗೆ ಹೇಗೆ ಕೇಳಿಸಿತು ಎಂದು ಮಂದಿ ಬೆರಗಾಗುತ್ತಿದ್ದರು. ಅವರು ಬೆರಗಾದಷ್ಟೂ ನನಗೆ ಕೊಂಬು ಬಂದವು. ಕೆಲವು ಕೆಲಸಗಾರರು ಕಿವಿಗೆ ಹತ್ತಿ ತುರುಕಿಕೊಂಡು ಮಗ್ಗ ನಡೆಸುತ್ತಿದ್ದರು. ಅವರನ್ನು ಬಾಣಂತಿಯರು ಎಂದು ಹಂಗಿಸುತ್ತಿದ್ದೆ.

ನಮ್ಮ ಶೆಡ್ಡಿನಿಂದ ಎರಡು ಶೆಡ್ಡು ಆಚೆ ನನ್ನ ಗೆಳೆಯನೊಬ್ಬ ನಾಲ್ಕು ಮಗ್ಗ ನಡೆಸುತ್ತಿದ್ದ. ಮುಂದೆ ನಮ್ಮ ತಂಡದ ಹಾಡುಗಾರನಾದವನು ಅವನೇ. ಅವನಿಗೆ ಅಪ್ಪ ಇಲ್ಲ. ಅವ್ವ ಮನೆಯಲ್ಲಿ ಕಾಂಡಿ ಸುತ್ತುತ್ತಿದ್ದಳು. ಲಾಳಿಯೊಳಗೆ ಕೂರುವ ನೂಲಿನ ಸುರುಳಿಗೆ ನಮ್ಮಲ್ಲಿ ಕಾಂಡಿ ಅನ್ನುತ್ತಾರೆ. ಒಮ್ಮೆ ಅವನು ಹಳೇ ಸಾಮಾನು ಮಾರುವ ಕೊಲ್ಹಾಪುರದ ಜೂನಾ ಬಾಜಾರಿನಿಂದ ಹೊದಿಕೆಯೇ ಇಲ್ಲದ ಒಂದು ಪರದೇಶಿ ಕ್ಯಾಸೆಟ್ಟು ತಂದ. ಯಾರು ಹಾಡಿದ್ದು, ಯಾವ ಊರಿನವರು, ಒಂದೂ ತಿಳಿಯದು. ಶೆಡ್ಡಿನ ಕಿಟಕಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಹಚ್ಚಿದ. ನಾಲ್ಕು ಮಗ್ಗದ ಸದ್ದನ್ನು ಮೀರಿ ಅದು ಕೇಳಿಸಿತು. ಸಿನಿಮಾ ಹಾಡು ಹಾಕಿದರೆ ಸೊಳ್ಳೆಯ ಗುಂಯ್ ಅಷ್ಟೇ ಉಳಿಯುತ್ತಿದ್ದ ಜಾಗದಲ್ಲಿ ಗಿಟಾರು, ಡ್ರಮ್ಮು, ಅರಚುವ ದನಿ ಎಲ್ಲವೂ ನಿಂತವು. ಅದರ ಹೆಸರು ರಾಕ್ ಎಂದು ಆಮೇಲೆ ಯಾರೋ ಕಾಲೇಜಿನ ಹುಡುಗ ಹೇಳಿದ. ನಮ್ಮಂಥವರಿಗೆಂದೇ ಮಾಡಿದ ಸಂಗೀತ ಇದು ಎಂದು ನಾವು ನಾಲ್ಕು ಜನ ಅವತ್ತೇ ತೀರ್ಮಾನಿಸಿದೆವು.

ನಾಲ್ವರಲ್ಲಿ ಅವನು ಹಾಡು ಮತ್ತು ಗಿಟಾರು. ಇನ್ನೊಬ್ಬ ಗಿಟಾರು, ಮತ್ತೊಬ್ಬ ಡ್ರಮ್ಮು. ನನಗೆ ನುಡಿಸಲು ಏನೂ ಬರುತ್ತಿರಲಿಲ್ಲ. ಆದರೆ ಕಿವಿ ಇತ್ತಲ್ಲ, ಹಾಗಾಗಿ ಸೌಂಡು ನನ್ನದು. ಯಾವ ವಾದ್ಯ ಎಷ್ಟು ಗಟ್ಟಿ, ದನಿ ಎಷ್ಟು ಚೂಪು, ಮೈಕು ಎಲ್ಲಿ, ನಾನು ಹೇಳಿದ್ದೇ ಕೊನೆ. ನಾಲ್ವರೂ ಮಗ್ಗದವರೇ. ಎರಡು ವರ್ಷದಲ್ಲಿ ಅವನು ಎಂಟು ಹಾಡು ಕಟ್ಟಿದ. ಮಾತು ಕನ್ನಡ, ನಡುನಡುವೆ ಮರಾಠಿ, ಮನೆಯಲ್ಲಿ ಮಾತಾಡಿದ ಹಾಗೆಯೇ. ಯಾರ ಕಾಪಿಯೂ ಅಲ್ಲ. ಆ ಎಂಟು ಹಾಡಿನ ಬಗ್ಗೆ ನನಗೆ ಇದ್ದ ಅಭಿಮಾನ ದೊಡ್ಡದು. ಈಗ ಅದನ್ನು ಹೇಳುವಾಗ ನಾಲಿಗೆ ಕಹಿಯಾಗುತ್ತದೆ.

ಅವನ ಅಕ್ಕನನ್ನು ಗಡಹಿಂಗ್ಲಜಕ್ಕೆ ಕೊಟ್ಟಿದ್ದರು. ಅಕ್ಕನ ಗಂಡ, ನಮ್ಮ ಕಡೆಯ ಮಾತಿನಲ್ಲಿ ದಾಜಿ, ಅಲ್ಲಿ ಸಾಲಿ ಮಾಸ್ತರು. ಅವರ ಹತ್ತಿರ ಒಂದು ಸ್ಪೂಲ್ ಟೇಪ್ ರೆಕಾರ್ಡರ್ ಇತ್ತು, ತಟ್ಟೆಯಷ್ಟು ದೊಡ್ಡ ಎರಡು ಗಾಲಿ ತಿರುಗುವಂಥದ್ದು. ಸಾಲಿಯ ಹಾಲು, ಅಂದರೆ ಸಭೆ ನಡೆಯುವ ದೊಡ್ಡ ಕೋಣೆ, ರವಿವಾರ ಖಾಲಿ. ಒಂದು ರವಿವಾರ ಬೆಳಿಗ್ಗೆ ಬಟ್ಟೆಯ ಗಂಟು ಸಾಗಿಸುವ ಟೆಂಪೋದಲ್ಲಿ ಡ್ರಮ್ಮು, ಗಿಟಾರು, ಬಾಡಿಗೆಗೆ ತಂದ ಮೈಕಿನ ಪೆಟ್ಟಿಗೆ, ಒಂದು ದೊಡ್ಡ ಸ್ಪೀಕರು ಎಲ್ಲವನ್ನೂ ಹೇರಿಕೊಂಡು, ಎಂಟೂ ಹಾಡನ್ನು ಅಲ್ಲಿ ಟೇಪ್ ಮಾಡಲು ಹೊರಟೆವು. ಮುರಗೂಡದಲ್ಲಿ ಚಹಾಕ್ಕೆ ನಿಂತಾಗ ಅವನು ಗುಟುಕೂ ಕುಡಿಯಲಿಲ್ಲ, ದನಿ ಕೆಡುತ್ತದೆ ಎಂದು ಬರೇ ಬಿಸಿನೀರು ಕೇಳಿ ಕುಡಿದ. ಹೋಟೆಲಿನವನು ಗೊಣಗಿದ.

ಹಾಲಿನಲ್ಲಿ ನಾನು ರಾಜ. ಸ್ಪೀಕರನ್ನು ಹಾಡುವವನ ಎದುರಿಗೇ ಇಡಿಸಿದೆ. ರಾಕ್ ಅಂದಮೇಲೆ ಮೈಗೆ ತಾಗಬೇಕು ಎಂಬುದು ನನ್ನ ವಾದ. ದನಿಯನ್ನು ಚೂಪು ಮಾಡುವ ಟ್ರೆಬಲ್ಲಿನ ತಿರುಪು ಹಿಡಿದು ತಿರುಗಿಸುತ್ತಾ ಹೋದೆ. ದನಿ ಮಬ್ಬಾಗಿದೆ ಅನಿಸುತ್ತಿತ್ತು, ಇನ್ನೂ ತಿರುಗಿಸಿದೆ, ಕೊನೆಗೊಮ್ಮೆ ಹೊಳಪು ಬಂತು. ಉಳಿದ ಮೂವರೂ, "ಹಾಂ, ಈಗ ಬಂತ ನೋಡ" ಎಂದರು. ಅಷ್ಟರಲ್ಲಿ ಅಕ್ಕನ ಕಂಕುಳಲ್ಲಿದ್ದ ಕೂಸು ಕಿರುಚಿ ಅಳತೊಡಗಿತು. ನಿಲ್ಲಿಸಿದರೆ ಸುಮ್ಮನಾಗುವುದು, ಶುರು ಮಾಡಿದರೆ ಅಳುವುದು. ನನಗೆ ಮಕ್ಕಳ ಅಳುವೆಂದರೆ ಆಗದು. "ಅಕ್ಕಾ, ಅದನ್ನ ಹೊರಗ ಒಯ್ರಿ" ಎಂದು ಗದರಿದೆ. ಅವಳು ಮುಖ ಚಿಕ್ಕದು ಮಾಡಿಕೊಂಡು ಹೋದಳು.

ದಾಜಿ ಸ್ವಲ್ಪ ಹೊತ್ತು ಕೂತಿದ್ದರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಏನೋ ಅಂದರು. ನನಗೆ ಕೇಳಿಸಲಿಲ್ಲ. ಕಿವಿಯ ಹತ್ತಿರ ಬಾಯಿ ತಂದು ಮತ್ತೆ ಅಂದರು, "ಒಂದ ಸಿಳ್ಳೆ ಬರಾಕತ್ತೇತ್ರಿ. ಸಣ್ಣಗ. ಹಾಡಿನ ಹಿಂದ."

"ಎಲ್ಲಿ ಸಿಳ್ಳೆ? ಇವ್ರಿಗೆ ಯಾರಿಗೂ ಕೇಳ್ಸವಲ್ದು. ದಾಜಿ, ನೀವ ಹುಡುಗೂರಿಗೆ ಲೆಕ್ಕ ಕಲಸ್ರಿ, ಸೌಂಡ ನನಗ ಬಿಡ್ರಿ."

ಮೂವರೂ ನಕ್ಕರು. ದಾಜಿಯೂ ನಕ್ಕಂತೆ ಮಾಡಿ ಹೊರಗೆ ಹೋದರು. ಆಮೇಲೆ ಸಂಜೆಯವರೆಗೆ ಅವರು ಹಾಲಿನೊಳಗೆ ಬರಲಿಲ್ಲ. ಮಾಸ್ತರ ಕಿವಿಗೆ ಭಜನೆಯೇ ಸರಿ ಎಂದು ನಾನು ಡ್ರಮ್ಮಿನವನಿಗೆ ಹೇಳಿದ್ದು ನೆನಪಿದೆ.

ಆ ಸ್ಪೂಲಿನಿಂದ ಕೊಲ್ಹಾಪುರದ ಒಂದು ಅಂಗಡಿಯಲ್ಲಿ ಒಂದಷ್ಟು ಕ್ಯಾಸೆಟ್ಟು ಇಳಿಸಿಕೊಂಡೆವು. ನಮ್ಮ ಮೊದಲ ಆಲ್ಬಮ್ಮು. ಮಗ್ಗದ ಹುಡುಗರು ಕೈಯಿಂದ ಕೈಗೆ ಒಯ್ದು ಕುಣಿದು ಕೇಳಿದರು. ಹೊರಗಿನವರು ಮಾತ್ರ ಒಂದು ಹಾಡನ್ನೂ ಪೂರ್ತಿ ಕೇಳಲಿಲ್ಲ. ಕುರುಂದವಾಡದ ಒಂದು ಚಹಾದ ಅಂಗಡಿಯವನು ಎರಡು ನಿಮಿಷ ಹಾಕಿ, "ಕಾನಾಲಾ ತ್ರಾಸ ಹೋತೋ ರೇ" ಎಂದು ಮರಾಠಿಯಲ್ಲಿ ಗೊಣಗುತ್ತಾ ತೆಗೆದುಕೊಟ್ಟ. ಕಿವಿಗೆ ತ್ರಾಸಂತೆ! ಅವನ ಅಂಗಡಿಯ ಕಪ್ಪುಬಸಿಗಳು ಎಷ್ಟು ಹೊಲಸಾಗಿದ್ದವೆಂದರೆ ಅವನ ಅಭಿಪ್ರಾಯಕ್ಕೆ ನಾನು ಬೆಲೆಯನ್ನೇ ಕೊಡಲಿಲ್ಲ. ಹಾಡುಗಾರ ಮಾತ್ರ ಬಾಡಿಹೋದ. ಅವನನ್ನು ಕೂರಿಸಿಕೊಂಡು ತಿಳಿಸಿ ಹೇಳಿದೆ. ದೋಷವೆಲ್ಲ ಕಾಪಿಯಲ್ಲಿದೆ, ಕೊಲ್ಹಾಪುರದ ಆ ಕ್ಯಾಸೆಟ್ಟಿನ ಅಂಗಡಿಯವನು ಸವೆದ ಯಂತ್ರದಲ್ಲಿ ಇಳಿಸಿದ್ದಾನೆ, ಮೂಲ ಟೇಪನ್ನು ಒಳ್ಳೆಯ ಯಂತ್ರದ ಮೇಲೆ ಕೇಳಿದವನು ಎದ್ದು ನಿಲ್ಲುತ್ತಾನೆ ಎಂದೆ. ಅಂಗಡಿಯವನ ಜೊತೆ ಜಗಳವನ್ನೂ ತೆಗೆದೆ, ಬೀದಿಯಲ್ಲಿ ನಿಂತು ಅವನ ಹೆಂಡತಿಯ ಎದುರು ಅವನನ್ನು ಕಳ್ಳ ಅಂದೆ.

ಮೂಲ ಟೇಪನ್ನು ಕೇಳುವವನೂ ಸಿಕ್ಕ. ಕೊಲ್ಹಾಪುರದಲ್ಲಿ ಒಬ್ಬ ಜೈನ ಸಾಹುಕಾರರು ರೇಡಿಯೋ, ಫ್ಯಾನಿನ ವ್ಯಾಪಾರ ಮಾಡುತ್ತಿದ್ದರು. ಮೂಲ ಉದಗಾಂವದವರು, ಮನೆಮಾತು ಕನ್ನಡ. ಕನ್ನಡದಲ್ಲಿ ಹೊಸ ತರಹದ ಹಾಡು ಅವರಿಗೆ ಹಿಡಿಸೀತು ಎಂಬ ಆಸೆಗೆ ಹಾಡುಗಾರ ಅವರ ಅಂಗಡಿಯಲ್ಲೊಂದು ಕ್ಯಾಸೆಟ್ಟು ಬಿಟ್ಟು ಬಂದಿದ್ದ. ಅವರು ಹೇಳಿ ಕಳಿಸಿದರು. ಕಾಪಿ ಸರಿಯಿಲ್ಲ, ಮೂಲ ಟೇಪು ತನ್ನಿ, ಮನೆಯಲ್ಲಿ ಯಂತ್ರ ಇದೆ, ಚಲೋ ಇದ್ದರೆ ಮುಂಬಯಿಯಲ್ಲಿ ಕ್ಯಾಸೆಟ್ ಕಂಪನಿಯ ಪರಿಚಯದವರಿಗೆ ಕಳಿಸುತ್ತೇನೆ ಎಂದು. ಹಾಡುಗಾರ ಆ ಮಾತನ್ನು ಎರಡೆರಡು ಸಲ ಹೇಳಿಸಿ ಕೇಳಿದ. ಅವನಿಗೆ ಇದೊಂದೇ ಬಾಗಿಲು. ಇದು ಮುಚ್ಚಿದರೆ ಸಾಯುವತನಕ ನಾಲ್ಕು ಮಗ್ಗ. "ನಾ ಬಂದ್ರ ಎದಿ ಹೊಡ್ಕೊಳ್ತೈತಿ, ಮಾತ ಬರೂದಿಲ್ಲ. ನಿಂಗ ಸೌಂಡ ತಿಳೀತೈತಿ, ನೀ ಹೋಗಿ ಬಾ" ಎಂದು ಟೇಪನ್ನು ಅವ್ವನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ಚೀಲದಲ್ಲಿ ಹಾಕಿ ಕೊಟ್ಟ.

ಸಾಹುಕಾರರ ಮನೆ ನೋಡಿದಾಗಲೇ ನನಗೆ ಸಿಟ್ಟು ಬಂತು. ಸೋಫಾಕ್ಕೆ ಪ್ಲಾಸ್ಟಿಕ್ಕಿನ ಹೊದಿಕೆ. ಕೂತರೆ ತೊಡೆ ಅಂಟಿಕೊಳ್ಳುತ್ತಿತ್ತು. ಕಾಲ ಕೆಳಗೆ ಪಾದ ಹೂತುಹೋಗುವ ಜಮಖಾನೆ. ಜಪಾನಿನ ಸ್ಪೂಲ್ ಯಂತ್ರದ ಮೇಲೆ ಕ್ರೋಷಾದ ಬಟ್ಟೆ, ಅದರ ಮೇಲೊಂದು ಪ್ಲಾಸ್ಟಿಕ್ ಗುಲಾಬಿ. ಇಂಥ ಯಂತ್ರಕ್ಕೆ ಗುಲಾಬಿ ಮುಡಿಸುವವನಿಗೆ ಸಂಗೀತ ಏನು ತಿಳಿದೀತು ಎಂದುಕೊಂಡೆ. ಮಧ್ಯಾಹ್ನ ಮೂರರ ಹೊತ್ತು. ಸಾಹುಕಾರರ ತಾಯಿ, ಎಪ್ಪತ್ತರ ಮೇಲಿನ ಮುದುಕಿ, ಬಿಳಿ ಸೀರೆಯುಟ್ಟು ಒಂದು ಬದಿಗೆ ನೆಲದ ಮೇಲೆ ಕೂತು ಮೊರದಲ್ಲಿ ಶೇಂಗಾ ಆರಿಸುತ್ತಿದ್ದರು. ಮಜ್ಜಿಗೆ ಕೊಟ್ಟರು. ಅದರಲ್ಲಿ ಸಕ್ಕರೆ ಹಾಕಿದ್ದರು, ಛೀ.

ಸಾಹುಕಾರರು ಕೈ ತೊಳೆದು, ಬಟ್ಟೆ ತೆಗೆದು, ಟೇಪು ಏರಿಸಿದರು. ಗಾಲಿ ತಿರುಗಿತು.

ಒಂದು ಮಾತನ್ನು ಇಲ್ಲಿ ಮುಚ್ಚಿಡದೆ ಹೇಳಬೇಕು. ಆ ಮೊದಲ ಹಾಡು ಕೇಳಿದಾಗ ನನಗೆ ಆದ ಸಂತೋಷ ಸುಳ್ಳಲ್ಲ. ಆ ಎರಡು ದೊಡ್ಡ ಸ್ಪೀಕರಿನೊಳಗೆ ಡ್ರಮ್ಮಿನ ಚರ್ಮ ಅದುರುವುದು, ಹಾಡುಗಾರ ಪದಕ್ಕೂ ಪದಕ್ಕೂ ನಡುವೆ ಬಾಯಿ ತೆರೆಯುವುದು, ಅವನ ಎದೆಯೊಳಗಿನ ಗರಗರ, ಎಲ್ಲ ಬಂತು. ಕ್ಯಾಸೆಟ್ಟಿನಲ್ಲಿ ಎಂದೂ ಸಿಗದಿದ್ದದ್ದು. ಒಂದು ಚೂರೂ ಕಳೆದಿಲ್ಲ, ನಾನು ಹೇಳಿದ್ದೇ ಸರಿ ಎಂದು ಕಣ್ಣಲ್ಲಿ ನೀರು ಬಂತು. ಸಾಹುಕಾರರ ಮುಖ ನೋಡಿದೆ. ಅವರು ಹುಬ್ಬು ಗಂಟಿಕ್ಕಿ ಯಂತ್ರದ ಹಿಂದಿನ ವೈರು ಅಲುಗಾಡಿಸುತ್ತಿದ್ದರು.

ಮುದುಕಿ ಮೊರ ಕೆಳಗಿಟ್ಟು ಎದ್ದರು. "ಕುಕ್ಕರ ಇಟ್ಟಾರೇನ ಒಳಗ? ಸೀಟಿ ಹೊಡ್ಯಾಕತ್ತೇತಿ" ಎಂದು ಅಡಿಗೆಮನೆಗೆ ಹೋದರು. ಹೋದವರು ತಿರುಗಿ ಬಂದು, ಸ್ಪೀಕರಿನ ಕಡೆ ಬೆರಳು ತೋರಿಸಿ, "ಅಯ್ಯ, ಇದರಾಗಿಂದನ ಬರಾಕತ್ತೇತಲ್ಲೋ" ಎಂದು ಸೆರಗಿನಿಂದ ಕಿವಿ ಮುಚ್ಚಿಕೊಂಡರು.

ಸಾಹುಕಾರರು ಟೇಪು ನಿಲ್ಲಿಸಿದರು. "ಸುರುವಿನಿಂದ ಕಡೀತನಕ ಒಂದ ಸಿಳ್ಳೆ ಐತ್ರಿ. ಮೈಕ ಕೂಗೇತಿ. ಎದರಿಗೆ ಸ್ಪೀಕರ ಇಟ್ಟಿದ್ರೇನು?"

"ಸಿಳ್ಳೆ ಎಲ್ಲೈತ್ರಿ? ನಿಮ್ಮ ಮಷೀನಿಂದ ಇರಬೇಕು."

ಅವರು ಜಗಳಕ್ಕೆ ಬರಲಿಲ್ಲ. ಬೇರೆ ಟೇಪು ಏರಿಸಿ ಸ್ವಲ್ಪ ಕೇಳಿಸಿದರು. ಮತ್ತೆ ನಮ್ಮದನ್ನು ಏರಿಸಿದರು. "ಈಗ? ಈಗ?" ಎಂದು ಪ್ರತಿ ಸಲ ನನ್ನ ಮುಖ ನೋಡಿದರು. ನನಗೆ ಏನೂ ಬೇರೆ ಅನಿಸಲಿಲ್ಲ. ಆಗ ಅವರು ತಮ್ಮ ಕೈಗಡಿಯಾರ ಬಿಚ್ಚಿ ನನ್ನ ಕಿವಿಯ ಹತ್ತಿರ ಹಿಡಿದರು. "ಟಿಕ್ ಟಿಕ್ ಕೇಳಸ್ತೈತೇನ್ರಿ?"

ಓರೆಗಣ್ಣಿನಲ್ಲಿ ನೋಡಿದೆ. ಸೆಕೆಂಡಿನ ಮುಳ್ಳು ಓಡುತ್ತಿತ್ತು. "ಕೇಳಸ್ತೈತ್ರಿ" ಎಂದೆ. ಗಡಿಯಾರವನ್ನು ಅವರು ನನ್ನ ಬೆನ್ನ ಹಿಂದೆ ಒಯ್ದು ಮತ್ತೆ ಕೇಳಿದರು. ಏನೂ ಕೇಳಿಸಲಿಲ್ಲ. ಎಡಕ್ಕೆ ಹಿಡಿದಿದ್ದರೋ ಬಲಕ್ಕೋ ಅದೂ ತಿಳಿಯಲಿಲ್ಲ. ಬೆವರಿಗೆ ಪ್ಲಾಸ್ಟಿಕ್ಕು ಇನ್ನಷ್ಟು ಅಂಟಿತು.

"ಮಗ್ಗದಾಗ ಇದ್ದವ್ರದು ಹಂಗ ಆಕ್ಕೈತ್ರಿ" ಎಂದರು ಸಾಹುಕಾರರು. ಎಷ್ಟು ಮೃದುವಾಗಿ ಹೇಳಿದರೆಂದರೆ ನನಗೆ ಅವರ ಮೇಲೆ ಉಗಿಯಬೇಕು ಅನಿಸಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಅವರು ಟ್ರೆಬಲ್ಲನ್ನು ಪೂರ್ತಿ ಇಳಿಸಿ ಉಳಿದ ಹಾಡುಗಳನ್ನೂ ತಾಳ್ಮೆಯಿಂದ ಕೇಳಿದರು. ಅದರಲ್ಲಿ ಒಂದು ಹಾಡು ಅವನು ಅವ್ವನ ಮೇಲೆ ಕಟ್ಟಿದ್ದು. ಕಾಂಡಿ ಸುತ್ತಿ ಸುತ್ತಿ ಅವ್ವನ ಹೆಬ್ಬೆಟ್ಟಿನ ಗೆರೆಯೆಲ್ಲ ಅಳಿಸಿಹೋಗಿದೆ, ರೇಷನ್ ಅಂಗಡಿಯವನು ಹೆಬ್ಬೆಟ್ಟು ಒತ್ತು ಅಂದರೆ ಕಾಗದದ ಮೇಲೆ ಬರೇ ಮಸಿ ಮೂಡುತ್ತದೆ, ನೀನು ಯಾರು ಅಂತ ಅವನು ಕೇಳುತ್ತಾನೆ, ಇಷ್ಟೇ ಹಾಡು. ಮುದುಕಿ ಬಾಗಿಲಿನ ಚೌಕಟ್ಟು ಹಿಡಿದು ನಿಂತು ಕೇಳಿದರು. ಸೆರಗಿನಿಂದ ಒಂದು ಕಿವಿ ಇನ್ನೂ ಮುಚ್ಚಿಕೊಂಡಿದ್ದರು. ಹಾಡು ಮುಗಿದ ಮೇಲೆ, "ಇದನ್ನ ಹಾಡಿದಾಂವ ಯಾರಪ್ಪ? ಅವರವ್ವ ಅದಾಳೇನು?" ಎಂದು ಕೇಳಿದರು. ಇದ್ದಾಳೆ ಎಂದೆ. "ಚಲೋ ಹಾಡ್ಯಾನ" ಎಂದು ಶೇಂಗಾದ ಮೊರಕ್ಕೆ ಹೋಗಿ ಕೂತರು.

ಬಾಗಿಲಿನ ತನಕ ಸಾಹುಕಾರರು ಬಂದರು. "ಹುಡುಗನ ದನಿ ಭಾಳ ಚಲೋ ಐತಿ. ಹಾಡೂ ಚಲೋ ಅದಾವ. ಸಿಳ್ಳೆ ಒಂದ ಕೆಡಿಸೇತಿ. ಇನ್ನೊಮ್ಮೆ ಟೇಪ ಮಾಡ್ಕೊಂಡ ಬರ್ರಿ, ನಾನ ಮುಂಬೈಗೆ ಕಳಸ್ತೇನಿ. ಆದ್ರ ಮಷೀನಿನ ಮುಂದ ಮಗ್ಗದಾಂವ ಕೂಡೂದು ಬ್ಯಾಡ. ಬ್ಯಾರೆ ಯಾರರೆ ಕೂಡ್ಲಿ. ತಪ್ಪ ತಿಳ್ಕೋಬ್ಯಾಡ್ರಿ."

"ಇಲ್ರಿ" ಎಂದೆ.

ಇಚಲಕರಂಜಿಯ ಬಸ್ಸಿನಲ್ಲಿ ಇಡೀ ದಾರಿ ಅವರನ್ನು ಬೈದೆ. ಗುಲಾಬಿಯನ್ನು ಬೈದೆ, ಸಕ್ಕರೆ ಮಜ್ಜಿಗೆಯನ್ನು ಬೈದೆ, ಮುದುಕಿಯ ಸೆರಗನ್ನು ಬೈದೆ. ಪಂಚಗಂಗೆಯ ಸೇತುವೆ ಮೇಲೆ ಬಸ್ಸು ನಿಂತಾಗ ಕೆಳಗಿನ ನೀರಿನಿಂದ ಗಬ್ಬು ವಾಸನೆ ಬಂತು, ಅದನ್ನೂ ಬೈದೆ. ಗಡಹಿಂಗ್ಲಜದ ಕೂಸು ಯಾಕೆ ಅತ್ತಿತು, ದಾಜಿ ಯಾಕೆ ಹಾಲಿನೊಳಗೆ ಮರಳಿ ಬರಲಿಲ್ಲ, ಮಗ್ಗದವರಿಗೆ ಮಾತ್ರ ನಮ್ಮ ಕ್ಯಾಸೆಟ್ಟು ಯಾಕೆ ಸೇರಿತು, ಇವೆಲ್ಲ ಒಂದಾದ ಮೇಲೊಂದು ತಲೆಯೊಳಗೆ ಬಂದು ಕೂರುತ್ತಿದ್ದವು. ಅವುಗಳನ್ನು ಎಬ್ಬಿಸಿ ಕಳಿಸಲು ನಾನು ಇನ್ನೂ ಜೋರಾಗಿ ಬೈಯಬೇಕಾಗುತ್ತಿತ್ತು.

ಮರುದಿನ ಮುಂಜಾನೆ ಶೆಡ್ಡಿಗೆ ಹೋದಾಗ ಅಪ್ಪ, "ಒಂದ ಮಗ್ಗದ ಸಪ್ಪಳ ಬ್ಯಾರೆ ಆಗೇತಿ, ಯಾವುದು ನೋಡ" ಎಂದು ಸನ್ನೆ ಮಾಡಿದ. ಸರಿ, ಇವತ್ತು ತೀರ್ಮಾನವಾಗಿಬಿಡಲಿ ಅನಿಸಿತು. ಮೂಲೆಯಲ್ಲಿ ವೇಸ್ಟ್ ಹತ್ತಿಯ ಚೀಲಗಳು ಎದೆಯೆತ್ತರ ಬಿದ್ದಿದ್ದವು. ಅವುಗಳ ಮೇಲೇರಿ, ಎರಡೂ ಕೈ ಜೇಬಿನಲ್ಲಿಟ್ಟು, ಕಣ್ಣು ಮುಚ್ಚಿ ನಿಂತೆ. ಮೆತ್ತನೆಯ ಹತ್ತಿಯಲ್ಲಿ ಕಾಲು ಮುಳುಗಿತು. ಕೇಳಿದೆ. ಒಂದೇ ಗದ್ದಲ. ಯಾವ ಮಗ್ಗ ಎಲ್ಲಿದೆ, ಯಾವುದು ಸರಿ, ಯಾವುದು ಕೆಟ್ಟಿದೆ, ಏನೂ ಇಲ್ಲ. ಉಸಿರು ಬಿಗಿಹಿಡಿದು ಮತ್ತೆ ಕೇಳಿದೆ. ಅದೇ ಗದ್ದಲ.

ಕೆಳಗೆ ಇಳಿದೆ. ಬರಿಗಾಲು ಸಿಮೆಂಟಿಗೆ ತಾಗಿದ ಕೂಡಲೇ ಗೊತ್ತಾಯಿತು. ನಾಲ್ಕನೇದು. ಎಡಗಾಲಿನ ಹಿಮ್ಮಡಿಯೊಳಗೆ ಅದು ತಾಳ ತಪ್ಪಿ ಬಡಿಯುತ್ತಿತ್ತು.

ಹದಿನೈದು ವರ್ಷ ನಾನು ಕೇಳಿದ್ದು ಕಾಲಿನಿಂದ. ಊರೆಲ್ಲ ಹೊಗಳಿದ ಕಿವಿ ನನಗೆ ಇರಲೇ ಇಲ್ಲ. ಇದ್ದದ್ದನ್ನು ಈ ಶೆಡ್ಡು ಯಾವಾಗಲೋ ತಿಂದಿತ್ತು.  ಹೋಗಿ ನಾಲ್ಕನೇ ಮಗ್ಗ ರಿಪೇರಿ ಮಾಡಿದೆ. ಅಪ್ಪ ಹೆಮ್ಮೆಯಿಂದ ಪಕ್ಕದ ಶೆಡ್ಡಿನವನಿಗೆ ನನ್ನ ಕಡೆ ಕೈ ತೋರಿಸಿ, ಕಿವಿ ಮುಟ್ಟಿಕೊಂಡು ಏನೋ ಹೇಳುತ್ತಿದ್ದ.

ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ಹಾಡುಗಾರ ಚಹಾದ ಗಾಡಿಯ ಹತ್ತಿರ ಕಾಯುತ್ತಿದ್ದ. ರಾತ್ರಿ ನಿದ್ದೆ ಮಾಡಿಲ್ಲ ಎಂಬುದು ಕಣ್ಣು ನೋಡಿದರೇ ತಿಳಿಯುತ್ತಿತ್ತು. ತಲೆಯಲ್ಲಿ, ಹುಬ್ಬಿನಲ್ಲಿ ಹತ್ತಿಯ ಎಳೆ. ಬರುವ ದಾರಿಯಲ್ಲಿ ನಾನು ಹೇಳಬೇಕಾದ ಮಾತನ್ನು ಜೋಡಿಸಿಕೊಂಡೇ ಬಂದಿದ್ದೆ. ನಾಲ್ಕು ಮಾತು ಸಾಕಿತ್ತು: ದನಿ ಚಲೋ ಐತಂತ, ಹಾಡೂ ಚಲೋ ಅದಾವಂತ, ನಂದ ತಪ್ಪು, ಈ ಸಲ ದಾಜಿ ಮಷೀನಿನ ಮುಂದ ಕೂಡ್ಲಿ.

"ಏನಂದ್ರೋ?" ಎಂದ.

ಗಾಡಿಯ ಸುತ್ತ ಏಳೆಂಟು ಜನ ನಿಂತಿದ್ದರು, ಎಲ್ಲ ಗುರುತಿನವರು. ಒಬ್ಬ ನಾನು ಬಂದದ್ದು ಕಂಡು, ಸಂಜೆ ನಮ್ಮ ಶೆಡ್ಡಿಗೆ ಬಂದು ಒಂದು ಮಗ್ಗ ಕೇಳಿ ಹೋಗು ಎಂದ. ಕೇಳಿ ಹೋಗು! ಆಯಿತು ಎಂದೆ. ಆಮೇಲೆ ಹಾಡುಗಾರನ ಕಡೆ ತಿರುಗಿ, "ಅವ್ರಿಗೆ ಸೇರ್ಲಿಲ್ಲ" ಎಂದೆ.

"ಸೌಂಡ ಸೇರ್ಲಿಲ್ಲೋ, ಹಾಡ ಸೇರ್ಲಿಲ್ಲೋ?"

"ಹಾಡ."

ಅವನು ಚಹಾದ ಗ್ಲಾಸನ್ನು ಗಾಡಿಯ ಮೇಲಿಟ್ಟ. "ಯಾವುದು?"

ಅಲ್ಲಿಗೂ ನಿಲ್ಲಿಸಬಹುದಿತ್ತು, ಎಲ್ಲವೂ ಎಂದು ಹೇಳಿ ತೇಲಿಸಬಹುದಿತ್ತು. ಸುಳ್ಳು ಗಟ್ಟಿಯಾಗಿ ನಿಲ್ಲಬೇಕಾದರೆ ಅದಕ್ಕೊಂದು ವಿವರ ಬೇಕು ಎಂದು ನನ್ನ ಹೊಲಸು ಬುದ್ಧಿಗೆ ಆಗಲೇ ಹೊಳೆದಿತ್ತು. "ಅವ್ವಂದು" ಎಂದೆ. "ಸಾಹುಕಾರರವ್ವ ಕಿವಿ ಮುಚ್ಕೊಂಡ್ಳು."

ಅವನು ತಲೆಯಾಡಿಸಿದ. ಕಣ್ಣು ತುಂಬಿದ್ದನ್ನು ತೋಳಿನಿಂದ ಒರೆಸಿಕೊಂಡ. "ನಂಗೂ ಒಮ್ಮೊಮ್ಮೆ ಹಂಗ ಅನಸ್ತಿತ್ತು ಬಿಡ. ಮನ್ಯಾಗಿನ ಮಾತ ಮಂದಿ ಮುಂದ ಹಾಡಬಾರ್ದಿತ್ತು." ಆಮೇಲೆ ನನ್ನ ಭುಜದ ಮೇಲೆ ಕೈ ಇಟ್ಟು, "ನೀ ಖರೇ ಹೇಳಿದಿ ನೋಡ, ಅದ ಚಲೋ ಆತು. ಬ್ಯಾರೆ ಯಾರರೆ ಆಗಿದ್ರ ನನ್ನ ಮನಸಿಗೆ ಹತ್ತೀತಂತ ಮುಚ್ಚಿಡ್ತಿದ್ರು" ಎಂದ.

ನನಗೂ ಚಹಾ ಹೇಳಿದ. ಗ್ಲಾಸು ಕೈಗೆ ಬಂತು. ಕುಡಿದೆ. ಟೇಪಿದ್ದ ಚೀಲವನ್ನು ಅವನ ಕೈಗೆ ಕೊಟ್ಟೆ. ಅವನು ಸೀರೆಯ ತುಂಡು ಬಿಚ್ಚಿ, ಗಾಲಿಯ ಮೇಲೆ ಒಮ್ಮೆ ಬೆರಳಾಡಿಸಿದ.

"ದಾಜಿಗೆ ಸಾಲಿ ಗ್ಯಾದರಿಂಗಿನ ಹಾಡು, ನಾಟಕ ರೆಕಾರ್ಡ ಮಾಡಾಕ ಟೇಪ ಬೇಕಾಗೇತಂತ. ಹೊಸಾದು ಸಿಗವಲ್ದಂತ. ಅಕ್ಕ ಪತ್ರ ಬರದಾಳ. ಇದರಾಗಿನ ಹಾಡ ಒರಸಿ ಕೊಡ್ಲೇನು?"

ನಾನು ಬೇಡ ಅಂದಿದ್ದರೆ ಇಟ್ಟುಕೊಳ್ಳುತ್ತಿದ್ದ. ಅದು ಅವನ ಮುಖದ ಮೇಲೆ ಅಷ್ಟು ಸ್ಪಷ್ಟವಾಗಿ ಬರೆದಿತ್ತು.

"ಒರಸು" ಎಂದೆ.

ಹಿಂದಿನ ಶೆಡ್ಡಿನಲ್ಲಿ ಎರಡನೇ ಪಾಳಿಯ ಮಗ್ಗಗಳು ಶುರುವಾಗಿದ್ದವು. ಅವನಿಗೆ ಕೇಳಿಸಲಿಲ್ಲ. "ಹಾಂ?" ಎಂದು ಮುಖ ಹತ್ತಿರ ತಂದ.

ಗಟ್ಟಿಯಾಗಿ ಇನ್ನೊಮ್ಮೆ ಹೇಳಿದೆ.